ಹೂವಿನ ಲೆಕ್ಕಕ್ಕೆ ಸೇರದ ಹೂವುಗಳು

ಮೂಡಿಗೆರೆ, ಸಕಲೇಶಪುರ ಕಡೆಯ ಕಂದಾಯ ದಾಖಲೆಗಳನ್ನು ತಿರುವಿದವರಿಗೆ ‘ಹುಲ್ಲುಬನ್ನಿ ಖರಾಬು’ ಎಂಬ ಮಾತು ಹೊಸತಲ್ಲ. ಉತ್ತು ಬಿತ್ತಲು ಬಾರದ, ಆದ್ದರಿಂದ ಕಂದಾಯವೂ ಹುಟ್ಟದ ಹುಲ್ಲಿನ ಇಳಿಜಾರಿಗೆ ಸರ್ಕಾರ ಇಟ್ಟ ಹೆಸರು ಅದು. ಆಗಸ್ಟ್ ತಿಂಗಳಲ್ಲಿ ಅದೇ ಇಳಿಜಾರನ್ನು ಹತ್ತಿದರೆ ಹುಲ್ಲಿನ ನಡುವೆ ನೆಲದಲ್ಲೇ ಬೆಳೆಯುವ ಬಿಳಿಯ ಆರ್ಕಿಡ್‌ಗಳೂ ಗುಲಾಬಿ ಬಣ್ಣದ ಕಾಡು ಕರ್ಣಕುಂಡಲಗಳೂ ಕಾಣುತ್ತವೆ. ಕಲ್ಲುಹಾಸಿನ ಮೇಲೆ ನೀರು ಜಿನುಗುವ ಕಡೆ ಕುಕ್ಕರಗಾಲಲ್ಲಿ ಕೂತು ನೋಡಿದರೆ, ಅಂಟು ಹನಿಗಳಿಂದ ಸಣ್ಣ ಕೀಟಗಳನ್ನು ಹಿಡಿದು ಅರಗಿಸಿಕೊಳ್ಳುವ ಡ್ರಾಸೆರಾ ಗಿಡಗಳು ಕೆಂಪು ಗುಂಡಿಗಳಂತೆ ಹರಡಿರುತ್ತವೆ. ಚಿಕ್ಕಮಗಳೂರು, ಹಾಸನ ಎಂಬ ನಮ್ಮ ಎರಡು ಜಿಲ್ಲೆಗಳ ಕಾಡುಹೂವುಗಳ ಕಥೆಯನ್ನು ಈ ‘ಖರಾಬು’ ಎಂಬ ಪದದಿಂದಲೇ ಆರಂಭಿಸುವುದು ಸರಿ ಎಂದು ನನಗನ್ನಿಸುತ್ತದೆ. ಲೆಕ್ಕಕ್ಕೆ ಬಾರದ ನೆಲದ ಹೂವು ಹೂವಿನ ಲೆಕ್ಕಕ್ಕೂ ಬರಲಿಲ್ಲ.

ಮನೆಯಂಗಳದ ಮಾತು ಬೇರೆ. ಮಲೆನಾಡಿನ ಹೆಣ್ಣುಮಕ್ಕಳು ಮಳೆಗಾಲಕ್ಕೆ ಮುಂಚೆ ಒಬ್ಬರಿಂದೊಬ್ಬರು ಇಸಿದುಕೊಂಡು ನೆಡುವ ಡೇರೆಯ ಗೆಡ್ಡೆಯ ಮೂಲ ಮೆಕ್ಸಿಕೊ. ಆಯುಧಪೂಜೆಗೆ ಲಾರಿಯ ಕೊರಳಿಗೆ ಬೀಳುವ ಚೆಂಡುಹೂವಿನದೂ ಅದೇ. ಅವು ನಮ್ಮವಲ್ಲ ಎಂದು ಕಿತ್ತೆಸೆಯಬೇಕೆಂದು ನಾನು ಹೇಳುತ್ತಿಲ್ಲ, ಹೇಳಿದರೆ ನಮ್ಮ ಮನೆಯಲ್ಲೇ ಕೇಳುವವರಿಲ್ಲ. ಊರಿನವೇ ಆದ ಅಬ್ಬಲಿಗೆ, ಗೊರಟೆಗಳಿಗೂ ಅಂಗಳದಲ್ಲಿ ಜಾಗವಿತ್ತು. ಆದರೆ ಗೌರಿಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಹಬ್ಬಿ ಕೆಂಪು ಹಳದಿಯಾಗಿ ಉರಿಯುವ ಅಗ್ನಿಶಿಖೆ, ಶಿವನಿಗೆ ಪ್ರಿಯವೆನ್ನುವ ತುಂಬೆ, ದೀಪಾವಳಿಗೆ ಬೇಕಾಗುವ ಅಣ್ಣೆ ಹೂವು, ಬಯಲುಸೀಮೆಯ ತಂಗಡಿ ಇವೆಲ್ಲ ಹೊಲದ ಬದುವಿನಿಂದ, ಕೆರೆಯ ಏರಿಯಿಂದ ಬರುತ್ತಿದ್ದವು. ತುಂಬೆಯನ್ನು ಯಾರೂ ನೆಡಲಿಲ್ಲ, ನೆಡಬೇಕಾಗುವ ಕಾಲ ಬಂದೀತೆಂದು ಎಣಿಸಲೂ ಇಲ್ಲ. ಬದುವಿಗೂ ಕಳೆನಾಶಕ ಹೊಡೆಯುವ ರೂಢಿ ಬಂದ ಮೇಲೆ ಹಬ್ಬದ ಹಿಂದಿನ ದಿನ ತುಂಬೆಯನ್ನು ಪೇಟೆಯಿಂದ ಕೊಂಡು ತರುವವರನ್ನು ಕಾಣುತ್ತಿದ್ದೇವೆ.

ಅಂದಕ್ಕೆಂದು ತಂದದ್ದೇ ಕಾಡನ್ನು ನುಂಗಿದ ಉದಾಹರಣೆಯೂ ಇದೆ. ಈಗ ಭದ್ರಾ ಅಭಯಾರಣ್ಯದ ಅಂಚಿನಿಂದ ಅರಸೀಕೆರೆಯ ಕುರುಚಲು ಗುಡ್ಡಗಳವರೆಗೆ ಹಬ್ಬಿರುವ ಲಂಟಾನ 19ನೇ ಶತಮಾನದ ಮೊದಲ ವರ್ಷಗಳಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದಿತ್ತು. ಅದರ ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಎಲ್ಲೆಡೆ ಹರಡಿದವು, ಪೊದೆಯ ಅಡಿಯಲ್ಲಿ ಬಿಸಿಲು ಬೀಳದೆ ನೆಲದ ಹೂಗಿಡಗಳು ಸೊರಗಿದವು.

ಕಾಫಿಯ ಪಾಲು ಇನ್ನೂ ತೊಡಕಿನದು. 17ನೇ ಶತಮಾನದಲ್ಲಿ ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂಬ ಪ್ರತೀತಿ ಇದ್ದರೂ ಕಾಡನ್ನು ದೊಡ್ಡ ಪ್ರಮಾಣದಲ್ಲಿ ತೋಟವಾಗಿಸಿದ್ದು 19ನೇ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರುಗಳ ಕಾಲದಲ್ಲಿ. ಆದರೂ ಕಾಫಿಗೆ ನೆರಳು ಬೇಕಾದ್ದರಿಂದ ಹಳೆಯ ಕಾಡುಮರಗಳಲ್ಲಿ ಒಂದಿಷ್ಟು ಉಳಿದವು, ಅವುಗಳ ಮೈಮೇಲೆ ಸೀತಾಳೆ ದಂಡೆಯೂ ಉಳಿಯಿತು. ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಗೇಣುದ್ದದ ಗೊಂಚಲಾಗಿ ಇಳಿಬೀಳುವ ಈ ಆರ್ಕಿಡನ್ನು ಮಲೆನಾಡಿನವರು ಸೀತೆ ಮುಡಿದ ದಂಡೆಯೆಂದೇ ಕರೆಯುತ್ತಾರೆ. ಆಮೇಲೆ ಕಾಡುಮರಗಳ ಜಾಗಕ್ಕೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬಂತು: ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಕಾಳುಮೆಣಸಿಗೆ ಆಸರೆಯಾಗುತ್ತದೆ, ಬೇಕಾದಾಗ ಕಡಿದು ಮಾರಬಹುದು. ಬೆಳೆಗಾರನ ಕಷ್ಟ ಬಲ್ಲವರು ಇದನ್ನು ದೂರುವುದು ಸುಲಭವಲ್ಲ. ಆದರೆ ಬುಡದಿಂದ ತುದಿಯವರೆಗೆ ಮೆಣಸು ಹಬ್ಬಿದ ಕಾಂಡದಲ್ಲಿ ಸೀತಾಳೆಗೆ ಜಾಗವೆಲ್ಲಿ?

ಬೆಟ್ಟದ ನೆತ್ತಿಯ ಹುಲ್ಲುಗಾವಲಿಗೆ ಬಂದ ಕಂಟಕ ಹಸಿರಿನ ಹೆಸರಿನಲ್ಲೇ ಬಂತು. ಮರವಿಲ್ಲದ ನೆಲ ಹಾಳುಬಿದ್ದ ನೆಲ ಎಂಬ ತಿಳಿವಳಿಕೆ ಕಂದಾಯದವರಿಂದ ಅರಣ್ಯದವರಿಗೂ ದಾಟಿ, ನೀಲಗಿರಿ, ಅಕೇಶಿಯ, ಪೈನ್ ನೆಡುತೋಪುಗಳು ಹುಲ್ಲಿನ ಮೇಲೆ ಎದ್ದವು. ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು ಕಣಿವೆಯ ಮಡಿಲಲ್ಲಿಯೂ ಹುಲ್ಲು ಗಾಳಿ ಬಡಿಯುವ ಬೋರೆಯಲ್ಲಿಯೂ ಇರುವುದು ಯಾರೋ ಕಡಿದದ್ದರಿಂದಲ್ಲ. ತೆಳು ಮಣ್ಣು, ಬಿರುಗಾಳಿ, ಬೇಸಿಗೆಯ ಒಣಹವೆ ಎಲ್ಲ ಸೇರಿ ಬಹುಕಾಲದಿಂದ ಹಾಗೆ ರೂಪುಗೊಂಡ ನೆಲೆ ಅದು. ಕುದುರೆಮುಖದಲ್ಲಂತೂ ಅಂಥ ಬೆಟ್ಟಗಳನ್ನೇ ಅದಿರಿಗಾಗಿ ಅಗೆಯಲಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಬಯಲಿನ ಕಡೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ, ಎಂದರೆ ಅರಮನೆಯ ದನಗಳನ್ನು ನೋಡಿಕೊಳ್ಳುವ ಇಲಾಖೆಯ, ಕಾಲದಿಂದ ದನಗಳಿಗೆಂದು ಕಾಯ್ದಿಟ್ಟಿದ್ದ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಪಡೆದ ಕಾವಲುಗಳು ತುಂಡುತುಂಡಾಗಿ ಕರಗಿದವು. ದನಕ್ಕೆಂದು ಉಳಿಸಿದ ಹುಲ್ಲಿನ ಜೊತೆಗೆ ವಿಷ್ಣುಕ್ರಾಂತಿಯಂಥ ಹೂವುಗಳೂ ಯಾರಿಗೂ ತಿಳಿಯದಂತೆ ಉಳಿದಿದ್ದವು ಎಂಬುದು ಕಾವಲು ಹೋದ ಮೇಲೆ ಹೊಳೆಯುವ ಸಂಗತಿ.

ಎಣಿಸಿ ಬರೆದಿಡುವ ಕೆಲಸ ನಡೆಯದೆ ಇರಲಿಲ್ಲ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕೋಲ್ಸನ್ ಸೇರಿ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತ ದೊಡ್ಡ ಗ್ರಂಥವನ್ನು 1976ರಲ್ಲಿ ಪ್ರಕಟಿಸಿದರು. ಒಂದು ಜಿಲ್ಲೆಯ ಮಟ್ಟದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಅಪರೂಪದ್ದು. ಆಗ ಇದ್ದ ಯಾವ ಗಿಡ ಈಗ ಕಾಣುತ್ತಿಲ್ಲ ಎಂದು ಕೇಳಬೇಕಾದರೆ ಇಂದಿಗೂ ಅದರ ಪುಟಗಳನ್ನೇ ತೆರೆಯಬೇಕು.

ಕಾನೂನು ಮಾತ್ರ ತಡವಾಗಿ ಎಚ್ಚೆತ್ತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಸ್ಯಗಳ ಪಟ್ಟಿಯಲ್ಲಿ ಬಹುಕಾಲ ಇದ್ದದ್ದು ಆರೇ ಹೆಸರುಗಳು. 2022ರ ಸೆಪ್ಟೆಂಬರ್ ಹೊತ್ತಿಗೆ ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ ಕುರಿಂಜಿ ಅರಳಿದಾಗ ನೋಡಲು ಬಂದವರ ಕಾರುಗಳು ರಸ್ತೆಯುದ್ದಕ್ಕೂ ನಿಂತವು. ಹೂವಿನ ಕಟ್ಟುಗಳನ್ನು ಕಿತ್ತು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡವರೂ ಇದ್ದರು. ಅದೇ ವರ್ಷದ ತಿದ್ದುಪಡಿಯಿಂದ ಪಟ್ಟಿ ಬೆಳೆದು ನೀಲಕುರಿಂಜಿಯೂ ಅದರೊಳಗೆ ಸೇರಿತು. ನಮ್ಮವರು ಗುರಿಗೆ ಎನ್ನುವ ಈ ಬಳಗದಲ್ಲಿ ಹಲವು ಜಾತಿಗಳಿವೆ, ಕೆಲವು ಏಳು ವರ್ಷಕ್ಕೊಮ್ಮೆ, ಕೆಲವು ಹನ್ನೆರಡು ವರ್ಷಕ್ಕೊಮ್ಮೆ ಒಟ್ಟಿಗೇ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. ಬೀಜ ಕಟ್ಟುವ ಮುನ್ನ ಕಿತ್ತ ಹೂವೆಂದರೆ ಮುಂದಿನ ತಲೆಮಾರಿನಿಂದ ಕಿತ್ತದ್ದು. ಕಾನೂನು ಗಿಡವನ್ನು ಕೀಳಬೇಡವೆನ್ನುತ್ತದೆ, ಅದು ನಿಂತ ಇಳಿಜಾರಿನ ಮಾತನ್ನು ಅಷ್ಟಾಗಿ ಆಡುವುದಿಲ್ಲ. ಆ ದೃಷ್ಟಿಯಿಂದ, ಹುಲ್ಲು ಮತ್ತು ಶೋಲಾ ಎರಡೂ ಇರುವ, ಚಿಕ್ಕಮಗಳೂರು ಜಿಲ್ಲೆಯ ಹೊಗರೇಕಾನಿನ ಸುಮಾರು 2,500 ಎಕರೆಯನ್ನು 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದ್ದು ಹೆಚ್ಚು ತೂಕದ ಹೆಜ್ಜೆ.

ಹಾಗಾದರೆ ಅಂಗಳದಲ್ಲಿ ಏನನ್ನು ಬೆಳೆಸಬಹುದು? ಕಾಡಿನಿಂದ ಬುಡಸಮೇತ ಕಿತ್ತು ತರುವುದು ತೋಟಗಾರಿಕೆಯಲ್ಲ. ಆರ್ಕಿಡ್‌ನ ಬೀಜ ದೂಳಿನಷ್ಟು ಸಣ್ಣದು, ತನ್ನೊಳಗೆ ಆಹಾರವಿಲ್ಲದ್ದು, ತಕ್ಕ ಶಿಲೀಂಧ್ರದ ನೆರವಿಲ್ಲದೆ ಮೊಳೆಯದು. ಡ್ರಾಸೆರಾ ಬಡ ಮಣ್ಣಿನ ಜೌಗನ್ನು ಬಿಟ್ಟರೆ ಬದುಕದು. ಇವನ್ನು ಅವುಗಳ ನೆಲೆಯಲ್ಲೇ ಬಿಡಬೇಕು. ಕರ್ಣಕುಂಡಲ ಹಾಗಲ್ಲ: ಬಲಿತ ಕಾಯಿಯನ್ನು ಬೆರಳಿನಿಂದ ಮುಟ್ಟಿದೊಡನೆ ಸಿಡಿಯುವುದರಿಂದ, ಸ್ವಲ್ಪ ಮೊದಲೇ ತೆಳುಬಟ್ಟೆ ಕಟ್ಟಿ ಬೀಜ ಹಿಡಿದು, ಮುಂಗಾರಿಗೆ ನೆರಳಿನ ತೇವದ ಜಾಗದಲ್ಲಿ ಚೆಲ್ಲಿದರೆ ಸಾಕು. ಅಗ್ನಿಶಿಖೆಯ ಗೆಡ್ಡೆ ವಿಷ, ಮಕ್ಕಳಿರುವ ಮನೆಯಲ್ಲಿ ಅದನ್ನು ಬೇಲಿಯ ಆಚೆಗೇ ಹಬ್ಬಿಸುವುದು ಲೇಸು. ಹುಲ್ಲಿನ ನೆಲದ ಹೂಗಳಿಗೆ ಗೊಬ್ಬರ ಹಾಕುವುದು ಉಪಕಾರವಲ್ಲ, ಗೊಬ್ಬರ ಉಂಡು ಮೊದಲು ಎದ್ದು ನಿಲ್ಲುವುದು ಕಾಂಗ್ರೆಸ್ ಗಿಡ. ತುಂಬೆಗಂತೂ ಏನೂ ಬೇಡ, ಬದುವಿನ ಎರಡು ಅಡಿ ಅಂಚಿಗೆ ಔಷಧಿ ಹೊಡೆಯದೆ ಬಿಟ್ಟರಾಯಿತು.

ಸೀತಾಳೆಯನ್ನು ತರಲು ಒಂದೇ ನ್ಯಾಯವಾದ ದಾರಿ ಉಂಟು, ಅದು ಮರಗಸಿಯ, ಎಂದರೆ ತೋಟದ ನೆರಳುಮರಗಳ ಕೊಂಬೆ ಸವರುವ ಕೆಲಸದ, ದಾರಿ. ನೆರಳು ತೆಗೆಯುವಾಗ ಕೊಂಬೆಯೊಡನೆ ನೆಲಕ್ಕೆ ಬಿದ್ದ ಬುಡವನ್ನು ಸೌದೆಯ ಜೊತೆ ಒಲೆಗೆ ಹಾಕದೆ, ತೊಗಟೆ ಸಹಿತ ಬಿಡಿಸಿ ಬೇರೊಂದು ಕಾಡುಮರಕ್ಕೆ ಕಟ್ಟುವುದು. ಹೋದ ವರ್ಷ ಕಸಿಗೆ ಬಂದಿದ್ದ ಆಳೊಬ್ಬ ಹಾಗೆ ಬಿದ್ದ ಒಂದು ಬುಡವನ್ನು ತೆಂಗಿನ ನಾರಿನಿಂದ ನಮ್ಮ ಹಿತ್ತಲಿನ ಹಲಸಿಗೆ, ಮಳೆನೀರು ಇಳಿಯುವ ಪಕ್ಕಕ್ಕೆ, ಬಿಗಿದು ಹೋಗಿದ್ದ. ಈ ವರ್ಷ ಅದು ಹೂ ಬಿಟ್ಟಿಲ್ಲ. ಬೂದುಬಿಳಿಯ ಎರಡು ಬೇರುಗಳು ಮಾತ್ರ ಹಸಿರು ತುದಿಯನ್ನು ಮುಂದೆ ಚಾಚಿ, ನಾರನ್ನು ದಾಟಿ, ತೊಗಟೆಯನ್ನು ಕಚ್ಚಿಕೊಂಡಿವೆ.