ಉರಿ ತಗ್ಗಿಸುವ ಕೈ ಇಲ್ಲದಾಗ

ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ವೈರಸ್ಸಿಗೆ ಆ ಕ್ಯಾನ್ಸರ್‌ನಿಂದ ಚಿಕ್ಕಾಸಿನ ಲಾಭವೂ ಇಲ್ಲ. ಗರ್ಭಕಂಠದ ಗಡ್ಡೆಯೊಳಗೆ ಸಾಮಾನ್ಯವಾಗಿ ಹೊಸ ವೈರಸ್ ಹುಟ್ಟುವುದೇ ಇಲ್ಲ. ಅಂದರೆ ಕ್ಯಾನ್ಸರ್ ಅದರ ಉದ್ದೇಶವಲ್ಲ, ಅದರ ಕೆಲಸ ಕೆಟ್ಟಾಗ ಆಗುವ ಅನಾಹುತ.

ಇದರ ಡಿಎನ್‌ಎ ಬಳೆಯ ಹಾಗೆ ದುಂಡಗಿದೆ. ಸುಮಾರು 8,000 ಅಕ್ಷರ, ಎಂಟೇ ಜೀನು. ಅವುಗಳಲ್ಲಿ ಎಲ್1, ಎಲ್2 ಎಂಬೆರಡು ಹೊರಚಿಪ್ಪಿನ ಪ್ರೋಟೀನು ಕಟ್ಟುತ್ತವೆ. ಲಸಿಕೆಯಲ್ಲಿರುವುದು ಎಲ್1ನ ಖಾಲಿ ಚಿಪ್ಪು ಮಾತ್ರ, ಒಳಗೆ ವೈರಸ್ಸಿನ ಜೀನುಗಳಿಲ್ಲ. 'ಲಸಿಕೆ ಹಾಕಿಸಿದರೆ ರೋಗ ಬರುತ್ತಂತೆ' ಅನ್ನುವವರಿಗೆ ಇಷ್ಟು ಸಾಕು.

ವೈರಸ್ಸಿನ ಕಷ್ಟ ಇರುವುದು ಬೇರೆ ಕಡೆ. ಡಿಎನ್‌ಎ ನಕಲು ಮಾಡುವ ಪೂರ್ತಿ ಸರಂಜಾಮು ಅದರ ಬಳಿ ಇಲ್ಲ, ಜೀವಕೋಶದ್ದನ್ನೇ ಬಳಸಬೇಕು. ಅದು ಹೆಚ್ಚಾಗಿ ಮರಿ ಮಾಡುವುದು ಗರ್ಭಕಂಠದ ಹೊದಿಕೆಯ ಮೇಲಿನ ಪದರದಲ್ಲಿ. ಅಲ್ಲಿನ ಕೋಶಗಳೋ ವಿಭಜನೆ ನಿಲ್ಲಿಸಿ ಉದುರಲು ಕಾದಿರುತ್ತವೆ. ರಾತ್ರಿ ಬಾಗಿಲು ಹಾಕಿದ ಹೋಟೆಲಿನಲ್ಲಿ ದೋಸೆ ಕೇಳಿದ ಹಾಗೆ!

ಆಗ ವೈರಸ್ಸಿನ ಇ7 ಎಂಬ ಪ್ರೋಟೀನು ಅಡುಗೆಮನೆಯ ಬೀಗ ತೆಗೆಯುತ್ತದೆ. ಆ ಬೀಗ, ಕೋಶದ ವಿಭಜನೆಯನ್ನು ತಡೆದಿಡುವ ಆರ್‌ಬಿ ಎಂಬ ಪ್ರೋಟೀನು. ಒಲೆ ಹೊತ್ತುತ್ತದೆ. ಹೊತ್ತಲ್ಲದ ಹೊತ್ತಲ್ಲಿ ಒಲೆ ಉರಿದರೆ ಕಾವಲುಗಾರ ಸುಮ್ನೆ ಇರ್ತಾನಾ? ಪಿ53 ಎಂಬ ಆ ಕಾವಲುಗಾರ ಕೋಶವನ್ನೇ ಸಾಯಿಸಬಲ್ಲ. ಅವನನ್ನು ವೈರಸ್ಸಿನ ಇನ್ನೊಂದು ಪ್ರೋಟೀನು ಇ6 ತಾನೇ ಹೊಡೆಯುವುದಿಲ್ಲ. ಕೋಶದ್ದೇ ಒಂದು ಪ್ರೋಟೀನನ್ನು ಕರೆತಂದು, ಅವನ ಬೆನ್ನಿಗೆ 'ಕಸ' ಎಂದು ಚೀಟಿ ಅಂಟಿಸುತ್ತದೆ. ಕಸದ ಗಾಡಿ ಬಂದು ಒಯ್ಯುತ್ತದೆ. ಎಷ್ಟು ಜಾಣತನ ಅಲ್ವಾ?

ಇಷ್ಟಾದರೂ ಅಪಾಯ ಕಡಿಮೆ. ಯಾಕೆಂದರೆ ವೈರಸ್ಸಿನದೇ ಇ2 ಎಂಬ ಪ್ರೋಟೀನು ಪಕ್ಕದಲ್ಲೇ ನಿಂತು ಇ6, ಇ7ರ ಉರಿ ತಗ್ಗಿಸುತ್ತಿರುತ್ತದೆ. ಬಹುತೇಕ ಸೋಂಕು ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಉಳಿದುಕೊಂಡ ಕೆಲವು ಕಡೆ, ವೈರಸ್ಸಿನ ಡಿಎನ್‌ಎ ನಮ್ಮ ಡಿಎನ್‌ಎ ಒಳಗೆ ಸೇರಿಕೊಳ್ಳುತ್ತದೆ. ಸೇರಬೇಕಾದರೆ ಬಳೆ ಒಡೆಯಲೇಬೇಕು. ಅದು ಎಷ್ಟೋ ಸಲ ಒಡೆಯುವುದು ಇ2 ಜೀನು ಇರುವ ಜಾಗದಲ್ಲೇ. ಆಮೇಲೆ ಉರಿ ತಗ್ಗಿಸುವವರು ಯಾರೂ ಇಲ್ಲ. ವರ್ಷಗಟ್ಟಲೆ ಹೀಗೆ ಉರಿದರೆ ಕೋಶದ ಡಿಎನ್‌ಎಯಲ್ಲಿ ತಪ್ಪುಗಳು ಜಮೆಯಾಗಿ ಕ್ಯಾನ್ಸರ್ ಆಗಬಹುದು.

ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ ಯಾರು ಎಂದರೆ, 1970ರ ದಶಕದಲ್ಲಿ ಹಲವರ ಅನುಮಾನ ಹರ್ಪಿಸ್ ವೈರಸ್ ಮೇಲಿತ್ತು. ಜರ್ಮನಿಯ ವಿಜ್ಞಾನಿ ಹರಾಲ್ಡ್ ಸುರ್ ಹೌಸೆನ್ ಮಾತ್ರ ನರುಲಿ ತರುವ ಎಚ್‌ಪಿವಿ ವೈರಸ್ಸುಗಳ ಬೆನ್ನು ಹತ್ತಿದರು. 1983ರಲ್ಲಿ ಅವರ ತಂಡಕ್ಕೆ ಎಚ್‌ಪಿವಿಯ 16ನೇ ಬಗೆ ಸಿಕ್ಕಿತು, ಮರುವರ್ಷ 18ನೇ ಬಗೆ. 2008ರಲ್ಲಿ ನೊಬೆಲ್ ಬಂತು.

ಆ 18ನೇ ಬಗೆ ಎಲ್ಲಿತ್ತು ಗೊತ್ತಾ? 1951ರಲ್ಲಿ ಬಾಲ್ಟಿಮೋರ್‌ನ ಹೆನ್ರಿಯೆಟಾ ಲ್ಯಾಕ್ಸ್ ಅವರ ಗಡ್ಡೆಯಿಂದ, ಅವರನ್ನು ಕೇಳದೆಯೇ ತೆಗೆದಿಟ್ಟ ಹೀಲಾ ಕೋಶಗಳಲ್ಲೂ ಇತ್ತು. ದಶಕಗಳಿಂದ ಲ್ಯಾಬುಗಳಲ್ಲಿ ಎಡೆಬಿಡದೆ ಬೆಳೆಯುತ್ತಿದ್ದ ಈ ಕೋಶಗಳಿಗೆ ವಿಜ್ಞಾನಿಗಳು ಇ2 ಜೀನನ್ನು ವಾಪಸು ಕೊಟ್ಟು ನೋಡಿದರು. ಪಿ53 ಮರಳಿ ಬಂತು, ಕೋಶಗಳು ಬೆಳೆಯುವುದನ್ನು ನಿಲ್ಲಿಸಿದವು.