ಸಸ್ಪೆಂಡ್ ಮಾಡೋ ಮುಂಚೆ ಒಂದು ಮಾತು ಕೇಳಿ: ಈ ನಿಯಮ ಬಂದದ್ದು ಹೇಗೆ?

ಕಾಲೇಜಿನಲ್ಲಿ ಗಲಾಟೆ ಆದರೆ ಏನೇನು ನಡೆಯುತ್ತೆ ಅಂತ ನಮಗೆಲ್ಲ ಗೊತ್ತು. ಪ್ರಿನ್ಸಿಪಾಲರ ಚೇಂಬರಿಗೆ ಕರೆಸುತ್ತಾರೆ. "ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ" ಅನ್ನುತ್ತಾರೆ. ಬಿಳಿ ಹಾಳೆ ಕೊಟ್ಟು ಅಪಾಲಜಿ ಲೆಟರ್ ಬರೆಸಿಕೊಳ್ಳುತ್ತಾರೆ. ಮಾರನೇ ದಿನ ಸಸ್ಪೆನ್ಷನ್ ಆರ್ಡರ್. ಇದರಲ್ಲಿ ಕಾನೂನಿಗೆ ಏನು ಕೆಲಸ, ಇದು ಕಾಲೇಜಿನ ಒಳಗಿನ ವಿಷಯ ಅಲ್ವಾ ಅಂತ ಬಹಳ ಜನಕ್ಕೆ ಅನಿಸುತ್ತೆ. ಆದರೆ ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟು ಅರವತ್ತು ವರ್ಷ ದಾಟಿದೆ. ಅದು ಕೇಳಿದ್ದೂ ಜಾಸ್ತಿ ಏನಲ್ಲ. ಆರೋಪ ಏನು ಅಂತ ಹೇಳಿ, ಹುಡುಗನ ಮಾತು ಕೇಳಿ, ಆಮೇಲೆ ಬೇಕಾದರೆ ಶಿಕ್ಷೆ ಕೊಡಿ. ಇಷ್ಟನ್ನು ಮಾಡದೆ ಕೇಸು ಸೋಲುವ ಸಂಸ್ಥೆಗಳು ಈಗಲೂ ಇವೆ.

ಬ್ರಿಟಿಷರ ಕಾಲದಲ್ಲಿ ಹೇಗಿತ್ತು ನೋಡಿ. 1905ರಲ್ಲಿ ಬಂಗಾಳದ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ಸ್ವದೇಶಿ ಸಭೆಗಳಿಗೆ ಹೋಗುವ ಹುಡುಗರನ್ನು ಹದ್ದುಬಸ್ತಿನಲ್ಲಿ ಇಡದಿದ್ದರೆ ನಿಮ್ಮ ಅನುದಾನ ಕಟ್ ಅಂತ ಶಾಲೆ ಕಾಲೇಜುಗಳಿಗೆ ಬೆದರಿಕೆ. ಅದನ್ನು ಕಾರ್ಲೈಲ್ ಸುತ್ತೋಲೆ ಅಂತಲೇ ಕರೆಯುತ್ತಾರೆ. 1916ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭಾರತೀಯ ಹುಡುಗರ ಮೇಲೆ ಕೈ ಮಾಡಿದ್ದ ಆರೋಪ ಹೊತ್ತಿದ್ದ ಓಟನ್ ಎಂಬ ಇತಿಹಾಸದ ಪ್ರೊಫೆಸರಿಗೆ ವಿದ್ಯಾರ್ಥಿಗಳು ಹೊಡೆದರು. ಕಾಲೇಜಿನ ಒಬ್ಬ ಜವಾನ, ಅಲ್ಲಿದ್ದವರಲ್ಲಿ ಇಬ್ಬರ ಗುರುತು ಹೇಳಿದ. ಅದರಲ್ಲಿ ಒಬ್ಬ ಸುಭಾಷ್‌ಚಂದ್ರ ಬೋಸ್. ಕಾಲೇಜಿನಲ್ಲಿ ನಿನ್ನಷ್ಟು ತೊಂದರೆ ಕೊಡುವವನು ಇನ್ನೊಬ್ಬನಿಲ್ಲ, ಸಸ್ಪೆಂಡ್ ಮಾಡಿದ್ದೇನೆ ಅಂತ ಪ್ರಿನ್ಸಿಪಾಲ್ ಜೇಮ್ಸ್ ಹೇಳಿದರೆ, ಬೋಸ್ ಥ್ಯಾಂಕ್ಸ್ ಹೇಳಿ ಹೊರಟುಬಿಟ್ಟರಂತೆ. ಆಮೇಲೆ ಅಶುತೋಷ್ ಮುಖರ್ಜಿ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೂ ಕೂತಿತು. ಹೊಡೆದದ್ದು ತಪ್ಪು, ಆದರೆ ಹುಡುಗರನ್ನು ಕೆಣಕಿದ್ದು ನಿಜ ಅಂದರು ಬೋಸ್. ಶಿಕ್ಷೆ ತಪ್ಪಲಿಲ್ಲ. ಕಟಕ್‌ಗೆ ವಾಪಸ್ ಹೋಗಿ, 1917ರಲ್ಲಿ ವಿಶ್ವವಿದ್ಯಾಲಯ ಮನಸ್ಸು ಮಾಡಿ ಅನುಮತಿ ಕೊಟ್ಟ ಮೇಲೆ ಸ್ಕಾಟಿಷ್ ಚರ್ಚ್ ಕಾಲೇಜು ಸೇರಿದರು. ಅಷ್ಟೂ ನಿಂತಿದ್ದದ್ದು ದೊಡ್ಡವರ ದಯೆಯ ಮೇಲೆ.

ಆಗಿನ ಲೆಕ್ಕ ಸರಳ. ಕಾಲೇಜು ಅಂದರೆ ತಂದೆ ತಾಯಿಯ ಜಾಗದಲ್ಲಿ ಇರುವವರು. ಅಪ್ಪ ಮಗನಿಗೆ ನೋಟಿಸ್ ಕೊಟ್ಟು ಬೈತಾನಾ? ಇದು ನಮ್ಮಲ್ಲಿ ಮಾತ್ರ ಇದ್ದ ಯೋಚನೆ ಅಂದುಕೊಳ್ಳಬೇಡಿ. ಅಮೆರಿಕದ ಕೆಂಟಕಿಯಲ್ಲಿ ಬೆರಿಯಾ ಕಾಲೇಜು ತನ್ನ ವಿದ್ಯಾರ್ಥಿಗಳು ಹೊರಗಿನ ಹೋಟೆಲಿಗೆ ಕಾಲಿಡಬಾರದು ಅಂತ ನಿಯಮ ಮಾಡಿತು. ವ್ಯಾಪಾರ ಹೋಯ್ತು ಅಂತ ಹೋಟೆಲಿನವನು ಕೋರ್ಟಿಗೆ ಹೋದ. 1913ರಲ್ಲಿ ಕೋರ್ಟು ಹೇಳಿದ್ದೂ ಇದನ್ನೇ, ಕಾಲೇಜು ಅಪ್ಪ ಅಮ್ಮನ ಸ್ಥಾನದಲ್ಲಿದೆ. ಆ ಲೆಕ್ಕ ಅಲ್ಲಿ ಮುರಿದದ್ದು 1961ರಲ್ಲಿ. ಅಲಬಾಮಾದ ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಕ್ಯಾಂಟೀನಿಗೆ ಹೋಗಿ ಊಟ ಕೇಳಿದ್ದಕ್ಕೆ ಕಾಲೇಜು ಅವರನ್ನು ಹೊರಗೆ ಹಾಕಿತ್ತು. ನೋಟಿಸ್ ಇಲ್ಲ, ವಿಚಾರಣೆ ಇಲ್ಲ. ಸರ್ಕಾರಿ ಕಾಲೇಜು ಹೀಗೆ ಮಾಡುವಂತಿಲ್ಲ ಅಂತ ಅಲ್ಲಿನ ಮೇಲ್ಮನವಿ ಕೋರ್ಟು ಹೇಳಿತು.

ವಿಚಿತ್ರ ಅಂದರೆ, ಇದಾದ ಆರೇ ತಿಂಗಳಿಗೆ, 1962ರ ಫೆಬ್ರವರಿಯಲ್ಲಿ, ನಮ್ಮ ಸುಪ್ರೀಂ ಕೋರ್ಟೂ ಅದೇ ಜಾಗಕ್ಕೆ ಬಂತು. ಉತ್ತರ ಪ್ರದೇಶದಲ್ಲಿ 1954ರ ಇಂಟರ್‌ಮೀಡಿಯೆಟ್ ಪರೀಕ್ಷೆ ಬರೆದ ಮೂವರು ಪಾಸಾಗಿದ್ದರು. ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ ಕಾಗದ ಬಂತು. ಫಲಿತಾಂಶ ರದ್ದು, 1955ಕ್ಕೂ ಡಿಬಾರ್. ಯಾರೂ ಅವರನ್ನು ಒಂದು ಮಾತು ಕೇಳಿರಲಿಲ್ಲ. ಕೇಳಬೇಕು ಅಂತ ನಮ್ಮ ನಿಯಮದಲ್ಲಿ ಎಲ್ಲೂ ಬರೆದಿಲ್ಲವಲ್ಲ ಅನ್ನೋದು ಪರೀಕ್ಷಾ ಬೋರ್ಡಿನ ವಾದ. ಕೋರ್ಟು ಒಪ್ಪಲಿಲ್ಲ. ಒಬ್ಬ ಹುಡುಗನ ಮುಂದಿನ ಬದುಕೇ ನಿಂತಿರುವಾಗ, ನಿಯಮ ಸುಮ್ಮನಿದ್ದರೂ ಅವನ ಮಾತು ಕೇಳಲೇಬೇಕು ಅಂತ ಹೇಳಿತು. ಘನಶ್ಯಾಮ್ ದಾಸ್ ಗುಪ್ತ ಕೇಸು ಅಂತ ವಕೀಲರು ಇವತ್ತಿಗೂ ಉದಾಹರಿಸುವುದು ಇದನ್ನೇ. ಸಂವಿಧಾನದ 226ನೇ ವಿಧಿ ಇಲ್ಲದಿದ್ದರೆ ಆ ಮೂವರು ಹೈಕೋರ್ಟಿಗೆ ಹೀಗೆ ರಿಟ್, ಅಂದರೆ ಬೋರ್ಡಿನ ಆದೇಶವನ್ನು ಪ್ರಶ್ನಿಸುವ ಅರ್ಜಿ, ಹಾಕಲು ಆಗುತ್ತಿರಲಿಲ್ಲ.

ಹಾಗಂತ ಕಾಲೇಜುಗಳೆಲ್ಲ ಕೋರ್ಟಿನ ಥರ ನಡೆಯಬೇಕು ಅಂತ ಅಲ್ಲ. ಶಿಕ್ಷೆಗೆ ಮುಂಚೆ ಆರೋಪ ತಿಳಿಸಿ ಮಾತು ಕೇಳಬೇಕು ಅನ್ನೋ ಈ ತತ್ವಕ್ಕೆ ಕಾನೂನಿನಲ್ಲಿ ಸಹಜ ನ್ಯಾಯ ಅನ್ನುತ್ತಾರೆ. ಅದು ಅಚ್ಚು ಹಾಕಿಟ್ಟ ನಿಯಮ ಅಲ್ಲ, ಸಂದರ್ಭ ನೋಡಿಕೊಂಡು ಬದಲಾಗುತ್ತೆ ಅಂತ ಕೇರಳ ವಿಶ್ವವಿದ್ಯಾಲಯದ ಪರೀಕ್ಷಾ ಅಕ್ರಮದ ಕೇಸೊಂದರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಈ ಸಹಜ ನ್ಯಾಯದ ತತ್ವಕ್ಕೆ 1969ರ ಕ್ರೈಪಾಕ್ ತೀರ್ಪಿನಲ್ಲಿ ಇನ್ನಷ್ಟು ಬಲ ಕೊಟ್ಟವರು ನಮ್ಮ ಕಾರ್ಕಳ ಕಡೆಯ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ನಿಟ್ಟೆ ವಿದ್ಯಾಸಂಸ್ಥೆ ಕಟ್ಟಿದವರೂ ಅವರೇ. ಇನ್ನು ಇಡೀ ಸೆಂಟರಿನಲ್ಲಿ ಕಾಪಿ ಹೊಡೆದಿದ್ದರೆ ಒಬ್ಬೊಬ್ಬರನ್ನೂ ಕರೆದು ಕೇಳುವ ಅಗತ್ಯವಿಲ್ಲ ಅಂತ 1970ರಲ್ಲಿ ಬಿಹಾರದ ಕೇಸಿನಲ್ಲಿ ಹೇಳಿಯಾಯ್ತು.

ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ರಾಂಚಿಯ ರಾಜೇಂದ್ರ ಮೆಡಿಕಲ್ ಕಾಲೇಜಿನ ಕೇಸು. 1972ರ ಜೂನ್, ರಾತ್ರಿ ಹೊತ್ತು. ಕೆಲವು ಹುಡುಗರು ಹುಡುಗಿಯರ ಹಾಸ್ಟೆಲಿನ ಕಾಂಪೌಂಡಿಗೆ ನುಗ್ಗಿದರು. ಕಿಟಕಿ ಹತ್ತಿರ ಹೋಗಿ ಒಬ್ಬ ಹುಡುಗಿಯ ಕೈ ಎಳೆಯಲು ನೋಡಿದರು. ನೀರಿನ ಪೈಪು ಹಿಡಿದು ತಾರಸಿ ಹತ್ತಿದರು, ಅಲ್ಲಿ ಓದುತ್ತಾ ಕೂತಿದ್ದವರು ಕೂಗಿದ ಮೇಲೆ ಓಡಿಹೋದರು. 36 ಹುಡುಗಿಯರು ಸಹಿ ಹಾಕಿ ದೂರು ಕೊಟ್ಟರು. ಮೂವರ ಸಮಿತಿ ಆರೋಪಿಗಳನ್ನು ಹೊರಗಿಟ್ಟು ಹುಡುಗಿಯರ ಹೇಳಿಕೆ ಬರೆದುಕೊಂಡಿತು. ಆರೋಪಿಗಳ ಫೋಟೋಗಳನ್ನು ಬೇರೆ ಫೋಟೋಗಳ ಜೊತೆ ಬೆರೆಸಿ ಗುರುತು ಹಿಡಿಸಿತು. ಹುಡುಗರನ್ನು ಆಮೇಲೆ ಕರೆದು ಆರೋಪ ಹೇಳಿ ಉತ್ತರ ಕೇಳಿತು. ನಾವು ನಮ್ಮ ಹಾಸ್ಟೆಲಿನಲ್ಲೇ ಇದ್ದೆವು ಅಂದರು. ಎರಡು ವರ್ಷ ಹೊರಗೆ. ಸಾಕ್ಷಿಗಳನ್ನು ಪ್ರಶ್ನೆ ಮಾಡಲು ಬಿಡಲಿಲ್ಲ ಅಂತ ಹುಡುಗರು ಸುಪ್ರೀಂ ಕೋರ್ಟಿಗೆ ಹೋದರೆ, ಎದುರಿಗೆ ನಿಲ್ಲಿಸಿದ್ದರೆ ಯಾವ ಹುಡುಗಿ ಬಾಯಿ ಬಿಡುತ್ತಿದ್ದಳು, ಆಮೇಲೆ ಅವರನ್ನು ಕಾಯುವವರು ಯಾರು ಅನ್ನೋ ಅರ್ಥದಲ್ಲಿ ಕೋರ್ಟು ಕಾಲೇಜಿನ ಪರ ನಿಂತಿತು. 1973ರ ತೀರ್ಪು. ದೂರು ಕೊಟ್ಟವರ ಭಯ, ಆರೋಪ ಹೊತ್ತವರ ಹಕ್ಕು, ಎರಡನ್ನೂ ತೂಗಿ ನೋಡಿದ ತೀರ್ಪು ಅಂತ ನನ್ನ ಅನಿಸಿಕೆ. ಆ ಸಮಿತಿ ಮಾಡಿದಷ್ಟು ಕೆಲಸವನ್ನು ಈಗಿನ ಎಷ್ಟು ಸಮಿತಿಗಳು ಮಾಡುತ್ತವೋ!

ಆಮೇಲಿನ ಮೂರು ದಶಕದಲ್ಲಿ ಗಾಳಿ ಬೇರೆ ಕಡೆ ಬೀಸಿತು. ರ‍್ಯಾಗಿಂಗ್. ನಮ್ಮ ಕರ್ನಾಟಕ ಶಿಕ್ಷಣ ಕಾಯ್ದೆ, 1983ರಲ್ಲೇ ಅದರ ಮಾತಿದೆ. ತಮಿಳುನಾಡು 1997ರಲ್ಲಿ ಪ್ರತ್ಯೇಕ ಕಾನೂನು ತಂದಿತು. ಸುಪ್ರೀಂ ಕೋರ್ಟ್ 2001ರಲ್ಲಿ ಮಾರ್ಗಸೂಚಿ ಕೊಟ್ಟಿತು, 2007ರಲ್ಲಿ ಸಿಬಿಐನ ಮಾಜಿ ನಿರ್ದೇಶಕ ಆರ್.ಕೆ. ರಾಘವನ್ ಸಮಿತಿಯ ವರದಿಯೂ ಬಂತು. ಆದರೂ 2009ರ ಮಾರ್ಚಿನಲ್ಲಿ ಹಿಮಾಚಲದ ಟಾಂಡಾ ಮೆಡಿಕಲ್ ಕಾಲೇಜಿನ 19 ವರ್ಷದ ಮೊದಲ ವರ್ಷದ ಹುಡುಗ ಸೀನಿಯರ್‌ಗಳ ಹೊಡೆತಕ್ಕೆ ಸತ್ತ. ಅದೇ ವರ್ಷ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮ ಬಂತು. ಈಗ ಅಡ್ಮಿಷನ್ ಹೊತ್ತಿಗೆ ಮಕ್ಕಳೂ ಪೋಷಕರೂ ಬರೆದುಕೊಡುವ ಮುಚ್ಚಳಿಕೆ ಇದೆಯಲ್ಲ, ಅದು ಇಲ್ಲಿಂದಲೇ. ತಪ್ಪಿತಸ್ಥರು ಯಾರು ಅಂತ ಗೊತ್ತಾಗದಿದ್ದರೆ ಇಡೀ ಗುಂಪಿಗೆ ಶಿಕ್ಷೆ ಕೊಡಬಹುದು ಅನ್ನೋ ಮಾತೂ ಅದರಲ್ಲಿದೆ. ಯಾಕೆ ಹಾಕಿದ್ದಾರೆ ಅಂತ ಅರ್ಥವಾಗುತ್ತೆ, ಯಾರೂ ಬಾಯಿ ಬಿಡಲ್ಲ. ಆದರೂ ಏನೂ ಮಾಡದವನಿಗೂ ಶಿಕ್ಷೆ ಬೀಳುವ ಆ ಸಾಲನ್ನು ನನಗೆ ಮನಸ್ಸಾರೆ ಒಪ್ಪಲು ಆಗಿಲ್ಲ.

ಇತ್ತೀಚಿನ ಕೇಸುಗಳಲ್ಲಿ ನಿಯಮವೇ ಸರಿಯಾ ಅನ್ನೋ ಪ್ರಶ್ನೆಯೂ ಎದ್ದಿದೆ. ಸಂಜೆ 6ರಿಂದ ರಾತ್ರಿ 10ರವರೆಗೆ ಫೋನು ಒಪ್ಪಿಸಬೇಕು ಅನ್ನೋದು ಕೋಯಿಕ್ಕೋಡ್ ಕಡೆಯ ಕಾಲೇಜೊಂದರ ಹಾಸ್ಟೆಲ್ ನಿಯಮ. ಒಬ್ಬ ಬಿಎ ವಿದ್ಯಾರ್ಥಿನಿ ಆಗಲ್ಲ ಅಂದಳು, ಹಾಸ್ಟೆಲಿನಿಂದ ಹೊರಗೆ ಹಾಕಿದರು. ಇಂಟರ್ನೆಟ್ ಬಳಸುವುದು ಕಲಿಯುವ ಹಕ್ಕಿನ, ಖಾಸಗಿತನದ ಭಾಗ ಅಂತ 2019ರಲ್ಲಿ ಕೇರಳ ಹೈಕೋರ್ಟ್ ಅವಳನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿತು. ನಮ್ಮ ಹಿಜಾಬ್ ಕೇಸೂ ಒಂದು ಅರ್ಥದಲ್ಲಿ ಶಿಸ್ತಿನ ಜಗಳವೇ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಸರ್ಕಾರದ ಪರ ಹೇಳಿತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳಿದರು.

ಕೇಳದೆ ಶಿಕ್ಷೆ ಕೊಡುವ ಹಳೇ ಚಾಳಿ ಮಾತ್ರ ದೊಡ್ಡ ವಿಶ್ವವಿದ್ಯಾಲಯಗಳನ್ನೂ ಬಿಟ್ಟಿಲ್ಲ. 2016ರ ಫೆಬ್ರವರಿಯಲ್ಲಿ ಕ್ಯಾಂಪಸ್ಸಿನಲ್ಲಿ ನಡೆದ ಗಲಾಟೆಗೆ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ (ಜೆಎನ್‌ಯು) ದಂಡ, ಅಮಾನತು ಎಲ್ಲ ಹಾಕಿತು. ಹುಡುಗರಿಗೆ ದಾಖಲೆ ನೋಡಲು ಸರಿಯಾಗಿ ಅವಕಾಶ ಕೊಟ್ಟಿಲ್ಲ, ಮತ್ತೆ ಕೇಳಿ ಅಂತ ದೆಹಲಿ ಹೈಕೋರ್ಟ್ 2017ರಲ್ಲಿ ವಾಪಸ್ ಕಳಿಸಿತು. ಮತ್ತೆ ಕೇಳಿದ ಮೇಲೂ, ಗಲಾಟೆ ಹೊತ್ತಿಗೆ ವಿದ್ಯಾರ್ಥಿ ಸಂಘದ ಅಧ್ಯಕ್ಷನಾಗಿದ್ದ ಕನ್ಹಯ್ಯ ಕುಮಾರ್ ಮೇಲಿನ 10,000 ರೂಪಾಯಿ ದಂಡ 2018ರಲ್ಲಿ ಕೋರ್ಟಿನಲ್ಲಿ ಬಿದ್ದುಹೋಯ್ತು. ಹುಡುಗರು ತಪ್ಪು ಮಾಡಿದ್ದರೋ ಇಲ್ಲವೋ ಅನ್ನೋ ಪ್ರಶ್ನೆ ಬದಿಗೆ ಹೋಗಿ, ಸಮಿತಿ ಹೇಗೆ ನಡೆಯಿತು ಅನ್ನೋದೇ ಕೇಸಾಯ್ತು.

ಕೋರ್ಟಿಗೆ ಹೋದರೆ ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತೆ. ಅದಕ್ಕೆ 2023ರ ಯುಜಿಸಿ ಕುಂದುಕೊರತೆ ನಿಯಮದಲ್ಲಿ ಒಂದು ಹತ್ತಿರದ ದಾರಿ ಇದೆ. ಸಂಸ್ಥೆ ತನ್ನ ನಿಯಮವನ್ನೇ ಮೀರಿ ಕ್ರಮ ತೆಗೆದುಕೊಂಡರೆ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿಗೆ ದೂರು ಕೊಡಬಹುದು, ಅದು ಸಾಧ್ಯವಾದಷ್ಟೂ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದೂ ಆಗದಿದ್ದರೆ ಓಂಬುಡ್ಸ್‌ಪರ್ಸನ್, ಅಂದರೆ ಸಮಿತಿಯ ತೀರ್ಮಾನದ ಮೇಲಿನ ಮೇಲ್ಮನವಿ ಕೇಳುವವರು. ಅವರ ವಿವರ ಸಂಸ್ಥೆಯ ವೆಬ್‌ಸೈಟಿನಲ್ಲಿ ಇರಲೇಬೇಕು. ಸಸ್ಪೆನ್ಷನ್ ಆರ್ಡರ್ ಕೈಗೆ ಬಂದವರು ವಕೀಲರನ್ನು ಹುಡುಕುವ ಮುಂಚೆ ಅದನ್ನೊಮ್ಮೆ ತೆಗೆದು ನೋಡಿ.