ನುಸಿ ಹಿಡಿದ ಗೋವಿನಜೋಳದ ರೊಟ್ಟಿ ಯಾಕೆ ಬಿರಿಯುತ್ತದೆ?

ಜತ್ತ ತಾಲ್ಲೂಕಿನ ಅಕ್ಕ ಒಬ್ಬರ ಪ್ರಶ್ನೆ: ಚೀಲದಲ್ಲಿಟ್ಟ ಗೋವಿನಜೋಳಕ್ಕೆ ನುಸಿ ಬಿದ್ದಿತ್ತು. ಹುಳ ಎಲ್ಲ ತೆಗೆದು, ಹಸನು ಮಾಡಿಯೇ ಬೀಸಿಸಿದೆ. ಆದರೂ ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆ, ರುಚಿಯೂ ಕಹಿ. ಯಾಕೆ?

ಅಕ್ಕಾ, ನೀವು ತೆಗೆದದ್ದು ಹೊರಗಿನ ಹುಳ ಮಾತ್ರ. ಆ ಉದ್ದ ಮೂತಿಯ ಹುಳ ಇದೆಯಲ್ಲ, ಅದರ ಹೆಣ್ಣು ಕಾಳಿನಲ್ಲಿ ಸಣ್ಣ ತೂತು ಕೊರೆದು, ಮೊಟ್ಟೆ ಇಟ್ಟು, ಮೇಲೆ ಅಂಟಿನಿಂದ ಮುಚ್ಚಿಬಿಡುತ್ತದೆ. ಕಾಳು ಹೊಸದರಂತೆಯೇ ಕಾಣುತ್ತದೆ. ಮರಿ ಒಳಗೇ ತಿಂದು ಬೆಳೆದು, ಹೆಚ್ಚುಕಡಿಮೆ ಒಂದು ತಿಂಗಳ ಮೇಲೆ ಕೊರೆದುಕೊಂಡು ಹೊರಬಂದಾಗಲೇ ನಮಗೆ ತೂತು ಕಾಣುವುದು. ಅಷ್ಟರಲ್ಲಿ ಹಿಟ್ಟಾಗಬೇಕಾದದ್ದು ಹೋಗಿ, ಸಿಪ್ಪೆ ಮತ್ತು ಹುಳದ ಹಿಕ್ಕೆ ಉಳಿದಿರುತ್ತದೆ.

ಗೋವಿನಜೋಳಕ್ಕೆ ಗೋಧಿಯಂಥ ಜಿಗುಟಿಲ್ಲ. ಎಸರು ಹೊಯ್ದಾಗ ಪಿಷ್ಟ ಬೆಂದು ಅಂಟಾಗುತ್ತದಲ್ಲ, ರೊಟ್ಟಿ ನಿಲ್ಲುವುದೇ ಅದರ ಮೇಲೆ. ಪಿಷ್ಟ ಕಡಿಮೆಯಾಗಿ ಹೊಟ್ಟು ಜಾಸ್ತಿಯಾದರೆ ಎಷ್ಟು ನಾದಿದರೂ ಬಿರಿಯುತ್ತದೆ. ಕಾಳು ಒಡೆದಾಗ ಮೊಳಕೆಯ ಭಾಗದ ಎಣ್ಣೆಯೂ ಗಾಳಿಗೆ ಸಿಕ್ಕು ಕಮಟಾಗುತ್ತದೆ, ಕಹಿ ಬರುವುದು ಹೀಗೆ.

ಮೆಕ್ಸಿಕೋದಲ್ಲಿ ಟೋರ್ಟಿಯಾ ಎಂಬ ಗೋವಿನಜೋಳದ ತೆಳು ರೊಟ್ಟಿ ಮಾಡುವವರಿಗೂ ಇದೇ ಕಾಟ. ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ತೊಳೆದು ಹಸಿಯಾಗಿಯೇ ಅರೆಯುತ್ತಾರೆ. ತೂತುಬಿದ್ದ ಕಾಳಿನೊಳಗೆ ನೀರು ಬೇಗ ನುಗ್ಗುತ್ತದೆ. ಗಟ್ಟಿ ಕಾಳು ಹದಕ್ಕೆ ಬರುವಷ್ಟರಲ್ಲಿ ಇದು ಕರಗಿ ಆ ನೀರಿನ ಜೊತೆಗೇ ಹರಿದುಹೋಗುತ್ತದೆ, ಉಳಿದದ್ದು ಕೈಗೆ ಮೆತ್ತಿಕೊಳ್ಳುವ ಹಿಟ್ಟು. ಅಷ್ಟೇ ಜೋಳ, ಆದರೆ ಟೋರ್ಟಿಯಾ ಕಡಿಮೆ.

ಇನ್ನು ಮುಂದೆ ಬೀಸಿಸುವ ಮುಂಚೆ ಕಾಳನ್ನು ಬೋಗುಣಿ ನೀರಿಗೆ ಹಾಕಿ ಕೈಯಾಡಿಸಿ. ಟೊಳ್ಳು ಕಾಳು ಮೇಲೆ ತೇಲುತ್ತದೆ, ಅದನ್ನು ತೆಗೆದುಬಿಡಿ. ಮುಳುಗಿದ್ದನ್ನು ಬಿಸಿಲಿನಲ್ಲಿ ಗಟ್ಟಿಯಾಗಿ ಒಣಗಿಸಿ ಬೇಗ ಬಳಸಿ, ಒಳಗೆ ಮೊಟ್ಟೆ ಇದ್ದರೂ ಇರಬಹುದು. ಬೂಷ್ಟು ಹಿಡಿದಿದ್ದರೆ ಮಾತ್ರ ದಯವಿಟ್ಟು ಬೀಸಿಸಬೇಡಿ, ದನ ಕೋಳಿಗೂ ಹಾಕಬೇಡಿ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷ ಹಂಚಿನ ಕಾವಿಗೆ ಹೋಗುವುದಿಲ್ಲ.

ಮುಂದಿನ ಸುಗ್ಗಿಗೆ ತೇವಾಂಶ 12–13 ಶೇಕಡಾಕ್ಕೆ ಇಳಿಯುವ ತನಕ ಒಣಗಿಸಿ, ಗಾಳಿಯಾಡದ ಡ್ರಮ್ಮಿನಲ್ಲಿ ಬಾಯಿತನಕ ತುಂಬಿ ಬಿಗಿಯಾಗಿ ಮುಚ್ಚಿ. ಒಳಗಿನ ಆಮ್ಲಜನಕ ಮುಗಿದರೆ ಹುಳ ಸಾಯುತ್ತದೆ. ಹಿರಿಯರ ಹಗೇವಿನಲ್ಲಿ ಕಾಳು ಉಳಿಯುತ್ತಿದ್ದದ್ದೂ ಇದರಿಂದಲೇ. ಪದೇಪದೇ ಮುಚ್ಚಳ ತೆಗೆಯುವಂತಿಲ್ಲ, ಅದಕ್ಕೆ ತಿಂಗಳ ಖರ್ಚಿಗೆ ಬೇಕಾದಷ್ಟನ್ನು ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ.